ಹುಟ್ಟುಹಬ್ಬದ ಫ್ಲೆಕ್ಸ್

ಊರಿನ ಸರ್ಕಾರಿ ಆಸ್ಪತ್ರೆಗೆ ಒಬ್ಬ ಡಾಕ್ಟರನ್ನು ಹಾಕಿಸಿಕೊಡಿ ಎಂದು ಚನ್ನಾಜಮ್ಮ ಮತ್ತೆ ಬಂದು ನಿಂತಾಗ ಶಾಸಕರಿಗೆ ತಲೆ ಚಿಟ್ಟು ಹಿಡಿಯಿತು.

“ನನ್ ಸೊಸೆಗೆ ಏಳು ತಿಂಗಳು ತುಂಬ್ತು ಸ್ವಾಮಿ. ಅಲ್ಲಿ ನೋಡಿದ್ರೆ ವಾಚ್‌ಮನ್ ಬಿಟ್ರೆ ಒಂದು ನರಪಿಳ್ಳೆನೂ ಇಲ್ಲ.”

“ಬರೋ ತಿಂಗ್ಳು ಬೆಂಗಳೂರಲ್ಲಿ ನನ್ನ ಮಂಡಿ ಆಪರೇಷನ್ ಐತಮ್ಮ. ಮುಗಿಸ್ಕೊಂಡು ಬಂದ್ಮೇಲೆ ನೋಡಣ,” ಎಂದು ಶಾಸಕರು ಮಂಡಿ ನೀವಿಕೊಂಡರು.

ಜಗಳ ತೆಗೆಯುತ್ತಾಳೆ ಅಂದುಕೊಂಡರೆ, ಚನ್ನಾಜಮ್ಮ ಕೈಮುಗಿದಳು. “ಆಗ್ಲಿ ಸ್ವಾಮಿ. ನಾಳಿದ್ದು ನಿಮ್ಮ ಹುಟ್ಟಿದಬ್ಬ ಅಲ್ವಾ? ನಮ್ಮ ಮಹಿಳಾ ಸಂಘದಿಂದ ಒಂದು ಫ್ಲೆಕ್ಸ್ ಹಾಕಿಸ್ತೀವಿ.”

ಶಾಸಕರ ಮುಖ ಅರಳಿತು. “ಬಸ್‌ಸ್ಟ್ಯಾಂಡ್ ಎದುರಿಗೇ ಹಾಕ್ಸಿ. ಫೋಟೋ ದೊಡ್ಡದಾಗಿರ್ಲಿ.”

ಹುಟ್ಟುಹಬ್ಬದ ದಿನ ಪಟಾಕಿ, ಜೈಕಾರಗಳ ನಡುವೆ ಶಾಸಕರು ಕುಂಟುತ್ತಲೇ ಕಾರಿಳಿದರು. ಹೇಳಿದ ಜಾಗದಲ್ಲೇ ಫ್ಲೆಕ್ಸ್ ನಿಂತಿತ್ತು. ಫೋಟೋ ಆಳೆತ್ತರ ಇತ್ತು. ಜನ ಎಂದೂ ಇಲ್ಲದಷ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಕೈಬೀಸುತ್ತಾ ಹತ್ತಿರ ಹೋದ ಶಾಸಕರು ಫೋಟೋದ ಕೆಳಗಿನ ಸಾಲು ಓದಿದರು:

“ಬರುವ ತಿಂಗಳು ತಮ್ಮ ಮಂಡಿ ಆಪರೇಷನ್ನನ್ನು ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಲಿರುವ ಜನನಾಯಕರಿಗೆ ಹುಟ್ಟುಹಬ್ಬದ ಶುಭಾಶಯಗಳು.”