ಕಿಲುಬು

ರಿಪೇರಿಯವನ ಬಳಿ ಭೂತಗನ್ನಡಿ ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲಿದ್ದ ಅಜ್ಜಿಯ ದಪ್ಪ ಕನ್ನಡಕವನ್ನೇ ಕೇಳಿ ಪಡೆದು, ಅವರ ಎದೆಯಿಂದ ಮಾನಿಟರ್‌ಗೆ ಹೋಗುವ ಕೇಬಲ್ಲಿನ ತುದಿಯನ್ನು ಅದರಲ್ಲಿ ನೋಡಿದ. ಬೆಳಗ್ಗೆಯಿಂದ ಪರದೆಯ ಮೇಲೆ ಹೃದಯಬಡಿತದ ಗೆರೆ ಆಗಾಗ ಮಲಗಿ ಏಳುತ್ತಿತ್ತು. ಸಂಜೆಯವರೆಗೂ ಹೀಗೇ ಇದ್ದರೆ ಎದೆಗೆ ಪೇಸ್‌ಮೇಕರ್ ಹಾಕಬೇಕು ಎಂದು ಡಾಕ್ಟರ್ ಹೇಳಿ ಹೋಗಿದ್ದರು.

“ಏನಪ್ಪಾ, ನನ್ನ ಹೃದಯ ಕಾಣಿಸ್ತಾ?” ಎಂದರು ಅಜ್ಜಿ.

“ಇಲ್ಲ ಅಜ್ಜಿ, ಕಿಲುಬು ಕಾಣಿಸ್ತಾ ಇದೆ. ಸಿಸ್ಟರ್, ಇವರ ನಾಡಿ ಹಿಡ್ಕೊಳ್ಳಿ.” ಪ್ಲಗ್ಗನ್ನು ಮತ್ತೆ ಸಿಕ್ಕಿಸಿ ಕೊಂಚ ಅಲುಗಾಡಿಸಿದ. ಗೆರೆ ಮಲಗಿತು. ನರ್ಸಿನ ಬೆರಳ ಕೆಳಗೆ ನಾಡಿ ಮಾತ್ರ ಬಡಿಯುತ್ತಲೇ ಇತ್ತು.

“ಪಿನ್ನಿಗೆ ತೇವ ಕೂತಿದೆ. ಇಷ್ಟು ಒಣ ವಾರ್ಡಲ್ಲಿ ತೇವ ಎಲ್ಲಿಂದ ಬಂತು?”

“ನಾನು ದಿನಾ ಒರೆಸಿ ಒಣಗಿಸ್ತೀನಲ್ಲ,” ಎಂದು ನರ್ಸ್ ಮೂಲೆ ತೋರಿಸಿದಳು. ಅಲ್ಲಿ ಕತ್ತರಿ, ಇಕ್ಕಳ ಕುದಿಸುವ ಪಾತ್ರೆಯ ಮೇಲೆ ಹಗ್ಗ ಕಟ್ಟಿತ್ತು. ಬಿಸಿಗೆ ಬೇಗ ಒಣಗಲಿ ಎಂದು ಅವಳೇ ಕಟ್ಟಿದ್ದು. ಹಗ್ಗದಿಂದ ಜೋತುಬಿದ್ದ ಕೇಬಲ್ಲುಗಳ ತುದಿಗೆ ಹಬೆ ನೇರವಾಗಿ ಏರುತ್ತಿತ್ತು.

“ಒಣಗಿಸ್ತಾ ಇರ್ಲಿಲ್ಲ ಸಿಸ್ಟರ್, ಬೇಯಿಸ್ತಾ ಇದ್ರಿ.”

ಅವನು ಕನ್ನಡಕವನ್ನು ಅಜ್ಜಿಗೆ ಮರಳಿಸಿ, ಚೀಲದಿಂದ ಹೊಸ ಕೇಬಲ್ ತೆಗೆದು ಹಾಕಿದ. ಗೆರೆ ಎಲ್ಲೂ ತುಂಡಾಗದೆ ಓಡಿತು. ಹತ್ತು ನಿಮಿಷ ಮೂವರೂ ಅದನ್ನೇ ನೋಡಿದರು. ತೊಂದರೆ ಹೃದಯದ್ದಲ್ಲ, ಕೇಬಲ್ಲಿನದು ಎಂದು ನರ್ಸ್ ಡಾಕ್ಟರಿಗೆ ಫೋನ್ ಮಾಡಿ ಹೇಳಿದಳು, ಆಮೇಲೆ ಹಗ್ಗದ ಮೇಲಿದ್ದವನ್ನೆಲ್ಲ ಇಳಿಸಿ ಅವನ ಮುಂದಿಟ್ಟಳು. ಅವನು ಒಂದೊಂದನ್ನೇ ಪರೀಕ್ಷಿಸಿದ. ಹನ್ನೊಂದು ಕೇಬಲ್ಲುಗಳಲ್ಲಿ ಒಂಬತ್ತು ಹಾಳಾಗಿದ್ದವು.