ಇಪ್ಪತ್ತು ಹುಳು

“ಚಿಕ್ಕಸ್ವಾಮಿ, ನಿಜ ಯೋಳು. ಮಧ್ಯದಲ್ಲಿ ಕವರು ಎತ್ತಿದ್ದೆ ತಾನೆ?”

ಗೋದಾಮಿನ ಮಾಲೀಕ ರವೀಂದ್ರ ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದಿದ್ದ. ಒಳಗೆ ಹದಿನೇಳು ಹುಳು ಸತ್ತು ಬಿದ್ದಿದ್ದವು. ಉಳಿದ ಮೂರು ಗಾಜು ಹತ್ತಲು ಹೋಗಿ ಜಾರುತ್ತಿದ್ದವು. ಹೋದ ಸಲವೂ ಹೀಗೇ ಆಗಿತ್ತು.

“ಹನ್ನೆರಡು ದಿವ್ಸ ಅದರ ತಂಟೆಗೇ ಓಗಿಲ್ಲ, ಸಾವ್ಕಾರ್ರೆ. ಇವತ್ತು ಬೆಳಿಗ್ಗೆ ಗಾಳಿಯಾಡ್ಲಿ ಅಂತ ಕವರು ತಗ್ದೆ.”

“ಹಳೇ ಗ್ಯಾಸೇ ಬರ್ಲಿ ಅಂತ ಆಸೆ ನಿಂಗೆ.”

“ಆ ಗ್ಯಾಸು ನನ್ ಬಾಳನ್ನೇ ತಿಂದಾಕ್ತು. ಅದ್ಯಾಕೆ ಬೇಕು ನಂಗೆ?”

ಚಿಕ್ಕಸ್ವಾಮಿ ಹೇಳಿದ ಎರಡೂ ಮಾತು ಅಪ್ಪಟ ನಿಜ. ರವೀಂದ್ರ ಗೊಣಗುತ್ತ ಹೊರಟುಹೋದ.

ಬಾಬುರಾಯನಕೊಪ್ಪಲಿನ ಆ ಗೋದಾಮಿಗೆ ಖರ್ಜೂರ, ಒಣದ್ರಾಕ್ಷಿ, ಅಂಜೂರದ ಮೂಟೆಗಳು ಬರುತ್ತವೆ. ಕರೆಯದೆ ಹುಳುಗಳೂ ಬರುತ್ತವೆ. ಇಪ್ಪತ್ತೆಂಟು ವರ್ಷ ಆ ಮೂಟೆಗಳಿಗೆ ಮೀಥೈಲ್ ಬ್ರೋಮೈಡ್ ಗ್ಯಾಸು ಹೊಡೆದವನು ಚಿಕ್ಕಸ್ವಾಮಿ. ವಿಷ ಮೈಗೆ ಅಂಟಿರುತ್ತದೆಂದು ಹಮಾಲಿಗಳು ಅವನ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಅಷ್ಟೇ. ಹೆಂಡತಿ ಬೆಟ್ಟಮ್ಮ ಇರುವ ತನಕ ಮನೆಯ ಊಟಕ್ಕಾದರೂ ಜೊತೆಯಿತ್ತು. ಅವಳು ಹೋಗಿ ನಾಲ್ಕು ವರ್ಷವಾಗಿತ್ತು.

ಆ ಗ್ಯಾಸು ಆಕಾಶದ ಓಜೋನ್ ಪದರವನ್ನು ಹಾಳು ಮಾಡುತ್ತದೆಂದು ಅದನ್ನು ನಿಷೇಧಿಸಿದರು. ಗ್ಯಾಸು ನಿಂತರೂ ಹಮಾಲಿಗಳ ಅಭ್ಯಾಸ ನಿಲ್ಲಲಿಲ್ಲ. ಅವರು ಲಾರಿಯ ನೆರಳಲ್ಲಿ ಗುಂಪಾಗಿ ಉಣ್ಣುತ್ತಿದ್ದರು, ಇವನು ಒಳಗೆ ಗೋಡೆಗೆ ಮುಖ ಮಾಡಿಕೊಂಡು ಉಣ್ಣುತ್ತಿದ್ದ.

ಆಗ ಬಂದವಳು ಅರ್ಪಿತ. ಕಂಪನಿಯೊಂದು ಅವಳನ್ನು ಹೊಸ ವಿಧಾನದ ಪರೀಕ್ಷೆಗೆ ಕಳಿಸಿತ್ತು. ಮೂಟೆಗಳಿಗೆ ದಪ್ಪ ಪ್ಲಾಸ್ಟಿಕ್ ಕವರು ಹೊದಿಸಿ, ಸೋಡಾಕ್ಕೆ ತುಂಬುವ ಗಾಳಿಯನ್ನೇ ಒಳಗೆ ತುಂಬಿ, ಹನ್ನೆರಡು ದಿನ ಮುಚ್ಚಿಡಬೇಕು. ಮೂಟೆಗಳ ನಡುವೆ, ಬಾಯಿಗೆ ತೆಳುಬಟ್ಟೆ ಕಟ್ಟಿದ ಸೀಸೆಯಲ್ಲಿ ಎಣಿಸಿ ಇಪ್ಪತ್ತು ಜೀವಂತ ಹುಳು. ಒಂದು ಉಳಿದರೂ ಮತ್ತೆ ಹನ್ನೆರಡು ದಿನ. ಎಲ್ಲ ಸತ್ತರೆ ಕೆಲಸ ಮುಗಿದಂತೆ; ಅರ್ಪಿತ ವಿಜಯಪುರದ ದ್ರಾಕ್ಷಿ ಶೆಡ್ಡುಗಳಿಗೆ ಹೋಗಬೇಕು. ಪರೀಕ್ಷೆಗೆಂದೇ ಅವಳು ಗೋಧಿಹಿಟ್ಟಿನ ಡಬ್ಬದಲ್ಲಿ ಹುಳು ಸಾಕಿದ್ದಳು. ಅವಕ್ಕೆ ಹಿಟ್ಟು ಹಾಕುವ ಕೆಲಸ ಚಿಕ್ಕಸ್ವಾಮಿಯದು.

ಮೊದಲ ದಿನವೇ ಅವಳು ಬನ್ನಿನ ಪೊಟ್ಟಣ ಹಿಡಿದು ಅವನ ಪಕ್ಕಕ್ಕೆ ಬಂದಳು.

“ಸ್ವಲ್ಪ ಸರ್ಕೊಳಿ ದೊಡ್ಡಪ್ಪ.”

“ಗ್ಯಾಸಿನವ್ನು ಕಣವ್ವ ನಾನು. ಅತ್ರ ಕೂರ್ಬ್ಯಾಡ.”

“ನಾನೂ ಗ್ಯಾಸಿನವ್ಳೇ,” ಎಂದು ಕೂತೇಬಿಟ್ಟಳು.

ಅವನು ಮುದ್ದೆ ಮುರಿದು ಕೊಟ್ಟ. ನಾಗಮಂಗಲದ ಕಡೆಯ ಹುಡುಗಿ, ಹೆತ್ತವರಿಲ್ಲದೆ ಹಾಸ್ಟೆಲ್ಲುಗಳಲ್ಲೇ ಬೆಳೆದವಳು. ಈಗ ಪಾಂಡವಪುರದಲ್ಲೊಂದು ಬಾಡಿಗೆ ಕೋಣೆ. ಅವರೆಕಾಳು ಸಾರನ್ನು ಬೆರಳು ಚೀಪಿಕೊಂಡು ಉಂಡಳು. ಮರುದಿನದಿಂದ ಚಿಕ್ಕಸ್ವಾಮಿ ಎರಡು ಮುದ್ದೆ ಕಟ್ಟಿಕೊಂಡು ಬರತೊಡಗಿದ. ಇಪ್ಪತ್ತೆಂಟು ವರ್ಷದಲ್ಲಿ ಅಲ್ಲಿ ಅವನಿಗೆ ಊಟ ರುಚಿಸಿದ್ದು ಆಗಲೇ. ಅವಳು ಹೋದರೆ ಮತ್ತೆ ಅದೇ ಗೋಡೆ.

ಎರಡನೆಯ ಪರೀಕ್ಷೆಯೂ ಕೆಟ್ಟ ಆ ದಿನ ಅವಳು ಹೊರಗೆ ಬೇವಿನ ಮರದಡಿ ಫೋನಿನಲ್ಲಿ ಮಾತಾಡುತ್ತಿದ್ದಳು.

“ಗೊತ್ತು ಸಾರ್, ನನ್ನಿಂದ ಕಂಪನಿಗೆ ಕೆಟ್ಟ ಹೆಸರು. ಎಲ್ಲಿ ತಪ್ಪಾಗ್ತಿದೆ ಅಂತ ನಂಗೂ ಗೊತ್ತಾಗ್ತಿಲ್ಲ ಸಾರ್.”

ತಾಯಿಯಿಲ್ಲದ ಮಗು ಬೈಸಿಕೊಳ್ಳುವುದನ್ನು ಕೇಳಿಸಿಕೊಂಡು ನಿಂತಿದ್ದೇನಲ್ಲ ಎಂದು ಚಿಕ್ಕಸ್ವಾಮಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೋಗಲಿ, ಎಲ್ಲಾದರೂ ಹೆಸರು ತೆಗೆದುಕೊಂಡು ಚೆನ್ನಾಗಿರಲಿ ಎಂದುಕೊಂಡ.

ಊಟಕ್ಕೆ ಕೂತಾಗ ಹೇಳಿದ: “ಈ ಸಲ ಅಷ್ಟೂ ಸಾಯ್ತವೆ ಬುಡವ್ವ. ನಾ ಯೋಳ್ತಿವ್ನಿ.”

ಅವಳ ಕೈಯಲ್ಲಿದ್ದ ತುತ್ತು ನಿಂತಿತು. “ಸತ್ರೆ ವಿಜಯಪುರ, ದೊಡ್ಡಪ್ಪ.”

“ಒಳ್ಳೇದೇ ಅಲ್ವಾ?”

“ಅಲ್ಲಿ ಶೆಡ್ಡು ಊರಾಚೆ ಇದ್ಯಂತೆ. ನಾನೊಬ್ಳೇ ಇರ್ಬೇಕು,” ಎಂದಳು.

ಮೂರನೆಯ ಪರೀಕ್ಷೆಯ ಹನ್ನೆರಡು ದಿನ ಮುಗಿದ ಬೆಳಿಗ್ಗೆ ಬುತ್ತಿಗೆ ಎರಡನೆಯ ಮುದ್ದೆ ಇಡುವಾಗ ಚಿಕ್ಕಸ್ವಾಮಿಯ ಕಣ್ಣು ತುಂಬಿತು. ನಾಳೆಯಿಂದ ಒಂದೇ ಸಾಕು.

ಎಂಟಕ್ಕೆ ಬಂದರೆ ಗೋದಾಮಿನ ಬಾಗಿಲು ತೆರೆದಿತ್ತು. ಎಂದೂ ಒಂಬತ್ತಕ್ಕೆ ಮೊದಲು ಬಾರದ ಅರ್ಪಿತ ಆಗಲೇ ಬಂದಿದ್ದಳು. ಕವರು ತೆಗೆದು ಮಡಿಸಿಯೂ ಆಗಿತ್ತು. ಹಿಟ್ಟಿನ ಡಬ್ಬದ ಮುಚ್ಚಳ ವಾರೆಯಾಗಿತ್ತು.

“ಬಸ್ಸು ಬೇಗ ಸಿಕ್ತು,” ಎಂದಳು, ಅವನ ಮುಖ ನೋಡದೆ.

ರವೀಂದ್ರ ಬಂದ ಮೇಲೆ ಸೀಸೆಯನ್ನು ಬಿಳಿ ಕಾಗದದ ಮೇಲೆ ಸುರಿದಳು. ಹರಿದಾಡತೊಡಗಿದ ಹುಳುಗಳ ಮೇಲೆಯೇ ರವೀಂದ್ರನ ಕಣ್ಣು.

“ಹದಿನೇಳು ಸತ್ತಿವೆ, ಮೂರು ಉಳಿದಿವೆ,” ಎಂದಳು ಅರ್ಪಿತ.

“ಇನ್ನೂ ಹನ್ನೆರಡು ದಿವ್ಸ ಮಾಡ್ರವ್ವ, ಇನ್ನೇನ್ ಮಾಡಾಕಾಯ್ತದೆ,” ಎಂದು ರವೀಂದ್ರ ಹಣೆ ಚಚ್ಚಿಕೊಂಡು ಹೋದ.

ಚಿಕ್ಕಸ್ವಾಮಿ ಕಾಗದದ ಮೇಲೆ ಬಗ್ಗಿ ಒಂದೊಂದಾಗಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಸತ್ತವು ಹದಿನೇಳಲ್ಲ, ಇಪ್ಪತ್ತು. ಬದುಕಿದ್ದವು ಮೂರು. ಒಟ್ಟು ಇಪ್ಪತ್ಮೂರು.

“ಇವತ್ತು ಏನ್ ಸಾರು, ದೊಡ್ಡಪ್ಪ?” ಅರ್ಪಿತ ಅತ್ತ ತಿರುಗಿಕೊಂಡೇ ಕೇಳಿದಳು.

“ಉಪ್ಸಾರು ಕಣವ್ವ,” ಎನ್ನುತ್ತ ಅವನು ಮೂರು ಸತ್ತ ಹುಳುಗಳನ್ನು ಉಗುರಿನಿಂದ ಕಾಗದದಾಚೆ ತಳ್ಳಿದ.

ಹಿಂದಿನ ಎರಡು ಸಲವೂ ಸೀಸೆಗೆ ಮೂರು ಜೀವಂತ ಹುಳು ಹಾಕಿದಾಗ, ಸತ್ತ ಮೂರನ್ನು ತೆಗೆಯಲು ಚಿಕ್ಕಸ್ವಾಮಿ ಮರೆತಿರಲಿಲ್ಲ.