ಅರ್ಧ ನವಿಲು

ಫೋಟೊ ಚೆನ್ನಾಗಿ ಬರಲೆಂದು ಐಶ್ವರ್ಯಾ ಹಲಗೆಯ ಮೇಲಿನ ಮರದ ಹುಡಿಯನ್ನು ಉಫ್ ಎಂದು ಊದಿಬಿಟ್ಟಳು. "ಯವ್ವಾ, ಊದಬ್ಯಾಡ!" ಎಂದು ಮನೆಯೊಡತಿ ಅನ್ವರಬಿ ಒಳಗಿನಿಂದ ಓಡಿಬರುವಷ್ಟರಲ್ಲಿ ಹುಡಿಯೆಲ್ಲ ನೆಲ ಸೇರಿತ್ತು.

ತೊರಗಲ್ ಕೋಟೆ ನೋಡಲು ಹೊರಟಿದ್ದ ಐಶ್ವರ್ಯಾ, ಬಣ್ಣಬಣ್ಣದ ಮರದ ಚೂರು ಕೂಡಿಸಿ ಚಿತ್ರ ಮಾಡುವ ಮನೆತನವೊಂದಿದೆ ಎಂದು ಕೇಳಿ ದಾರಿ ನಡುವಿನ ಮನೋಳಿಯಲ್ಲಿ ಇಳಿದಿದ್ದಳು. ಹಲಗೆಯ ಮೇಲೆ ಬೀಟೆ ಮರದ ಚೂರುಗಳ ನವಿಲೊಂದು ಅರ್ಧಕ್ಕೇ ನಿಂತಿತ್ತು.

"ನಮ್ಮ ಮಗ ಸಾಜಿದ್ ಮಾಡಾಕ ಹತ್ತಿದ್ದರಿ ಅದು," ಎಂದ ಅನ್ವರಬಿಯ ಗಂಡ ಹುಸೇನಪೀರ. "ಹ್ವಾದ ಮಳಿಗಾಲದಾಗ ಹೊಳಿ ಅವನ್ನ ಒಯ್ತು. ಅವತ್ತಿಂದ ಇಕಿ ಅದನ್ನ, ಅವ ಕೊರದ ಹುಡಿನ ಸೈತ, ಯಾರಿಗೂ ಮುಟ್ಟಾಕ ಬಿಟ್ಟಿಲ್ರಿ. ನನಗೂ."

"ತಪ್ಪಾತ್ರಿ ಅಮ್ಮಾ, ನನಗ ಗೊತ್ತಿರಲಿಲ್ಲ," ಎನ್ನುತ್ತ ಐಶ್ವರ್ಯಾ ನೆಲಕ್ಕೆ ಕೂತು ಹುಡಿಯನ್ನು ಬಳಿದು ಒಟ್ಟುಮಾಡತೊಡಗಿದಳು. ಅನ್ವರಬಿ ಅವಳತ್ತ ನೋಡಲೇ ಇಲ್ಲ. ಗಾಳಿಗೆ ಹರಡಿ ಕೂತಿದ್ದ ಹುಡಿ ಹಾರಿದ ಜಾಗದಲ್ಲಿ ಪೆನ್ಸಿಲ್ಲಿನ ಗೆರೆಗಳು ಕಾಣುತ್ತಿದ್ದವು. ಮಗ ಮುಂದೆ ಕೂಡಿಸಬೇಕಿದ್ದ ಗರಿಗಳನ್ನು ಬರೆದಿಟ್ಟಿದ್ದ. ಅನ್ವರಬಿ ಒಂದೊಂದೇ ಗರಿಯ ಮೇಲೆ ಬೆರಳಾಡಿಸುತ್ತ ಹೋಗಿ, ಕೊನೆಯದರ ನಡುವೆ ಬೆರಳು ನಿಲ್ಲಿಸಿದಳು. ಅಲ್ಲಿಂದ ಮುಂದೆ ಗೆರೆ ಇರಲಿಲ್ಲ.

"ಇಲ್ಲೀಮಟ ಗೆರಿ ಬರದಿದ್ದ ನೋಡವ್ವಾ," ಎಂದಳು. "ಆಗ ನಾನಽ ಕೂಗಿದೆ. ನೀರು ಏರಾಕ ಹತ್ತೈತಿ, ಎಮ್ಮಿ ಹೊಡಕೊಂಡು ಬಾರೋ ಅಂತ."